ಎರಡು ಕೋಣೆ, ಒಂದು ಕೋವಿ

9 ಆಗಸ್ಟ್ 2025, ಶನಿವಾರ. ಬೆಳಿಗ್ಗೆ 6.40

ಮತ್ತೆ ಕೋವಿಯ ಜಾಗ ಬದಲಿಸಿದೆ. ನಾಲ್ಕು ದಿನದಲ್ಲಿ ಮೂರನೆಯ ಸಲ. ಮೊದಲು ಬಾಗಿಲ ಹಿಂದೆ. ಹೆಂಡತಿ ದಾಕ್ಷಾಯಿಣಿ ಗುಡಿಸುವಾಗ ಪೊರಕೆ ತಾಗಿ ದಡ್ ಎಂದು ಬಿತ್ತು. ಆಮೇಲೆ ನಮ್ಮ ಮಂಚದ ಕೆಳಗೆ. ನಿದ್ದೆ ಬರಲಿಲ್ಲ. ಬೆನ್ನಿಗೇ ಒತ್ತಿದ ಹಾಗೆ. ಈಗ ಬಿಚ್ಚಿ ಮೂರು ತುಂಡು ಮಾಡಿದ್ದೇನೆ. ನಳಿಗೆ ಪುಸ್ತಕದ ಕಪಾಟಿನಲ್ಲಿ, ದಪ್ಪ ನಿಘಂಟುಗಳ ಹಿಂದೆ. ಹಿಡಿ ಅಟ್ಟದ ಮೇಲೆ. ನಡುವಿನ ಮರದ ತುಂಡು ನನ್ನ ಕೋಟಿನ ಜೇಬಿನಲ್ಲಿ. ಐದು ಕಾರ್ಟ್ರಿಜ್ ಅಡುಗೆಮನೆಯಲ್ಲಿ, ಬೀಗ ಹಾಕಿದ ಬಿಸ್ಕತ್ತಿನ ಡಬ್ಬಿಯಲ್ಲಿ.

ಎರಡು ಕೋಣೆಯ ಬಾಡಿಗೆ ಮನೆ. ಒಂದರ ಮುಕ್ಕಾಲು ಪುಸ್ತಕ. ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ಊರಿನವರ ಪುಸ್ತಕಕ್ಕೆ ಜಾಗ ಹುಡುಕಿದವನಿಗೆ ಈಗ ಅಪ್ಪನ ಕೋವಿಗೆ ಜಾಗ ಸಿಗುತ್ತಿಲ್ಲ.

"ಪುಸ್ತಕ ಒಂದಿಷ್ಟು ಕಡಿಮಿ ಮಾಡ್ರಿ. ಕೋವಿ ಏನು, ಒಂದು ತೋಪು ಇಡಬಹುದು," ಅಂದಳು ದಾಕ್ಷಾಯಿಣಿ.

ತಪ್ಪು ನನ್ನದೇ. ಮೊನ್ನೆ ಮಂಗಳವಾರ ಬನವಾಸಿಗೆ ಹೋಗಿ ತಮ್ಮ ರವಿಯನ್ನು ಕರೆತಂದೆ. ಫೆಬ್ರವರಿಯಲ್ಲಿ ಅವನ ಹೆಂಡತಿ ಜ್ಯೋತಿ ಜ್ವರದಿಂದ ತೀರಿಹೋದಳು. ಸಾದಾ ಜ್ವರ ಎಂದುಕೊಂಡು ನಾಲ್ಕು ದಿನ ಮನೆಯಲ್ಲೇ ಇಟ್ಟುಕೊಂಡಿದ್ದ. ಅಂದಿನಿಂದ ರವಿಯ ಮಾತು ಕಡಿಮೆಯಾಗುತ್ತ ಬಂದು ಜೂನ್ ಹೊತ್ತಿಗೆ ನಿಂತೇಹೋಯಿತು. ಅನಾನಸು ಗಿಡದಲ್ಲೇ ಕೊಳೆಯಿತು. ಹೊಲದ ಮನೆಗೆ ಬೀಗ ಹಾಕುವಾಗ ಗೂಟಕ್ಕೆ ನೇತುಹಾಕಿದ್ದ ಕೋವಿ ಕಂಡಿತು. ಲೈಸೆನ್ಸ್ ನನ್ನ ಹೆಸರಲ್ಲಿ. ಹಂದಿ, ಮಂಗ ಓಡಿಸಲು ಬಳಸುವವನು ಅವನು, ಅವನ ಹೆಸರೂ ಅದರಲ್ಲಿದೆ. ಯಾರೂ ಇಲ್ಲದ ಮನೆಯಲ್ಲಿ ಬಿಟ್ಟುಬರುವುದು ಕಾನೂನಲ್ಲ ಎಂದು ಎತ್ತಿಕೊಂಡೆ.

ಒಂದೇ ಗಾಡಿಯಲ್ಲಿ ಇಬ್ಬರನ್ನೂ ತಂದೆ. ಆಗ ಏನೂ ಹೊಳೆಯಲಿಲ್ಲ.

14 ಆಗಸ್ಟ್, ಗುರುವಾರ. ಸಂಜೆ

ರವಿಯನ್ನು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿಗೆ ಗುರುವಾರ ಮಾತ್ರ ಬರುವ ಮನೋವೈದ್ಯೆ. ಮೂವತ್ತೈದು ದಾಟಿರಲಾರದು. ರವಿಯನ್ನು ಹೊರಗೆ ಕೂರಿಸಿ ನನ್ನನ್ನು ಕರೆದಳು. ಊಟ, ನಿದ್ದೆ ಎಲ್ಲ ಕೇಳಿ, ತಲೆ ಎತ್ತದೆ ಕೇಳಿದಳು: "ಮನೆಯಲ್ಲಿ ಕೋವಿ ಇದೆಯಾ?"

ಇದೆ ಅಂದೆ. ಲೈಸೆನ್ಸ್ ಇದೆ ಅಂದೆ. ಅವಳು ಲೈಸೆನ್ಸ್ ಕೇಳಿರಲಿಲ್ಲ.

"ಎಲ್ಲಿಟ್ಟಿದ್ದೀರಿ?"

ಹೇಳಿದೆ. ನಿಘಂಟು, ಅಟ್ಟ, ಕೋಟು... ಹೇಳುತ್ತ ಹೇಳುತ್ತ ಹುಚ್ಚು ನನಗೇ ಹಿಡಿದಿದೆಯೋ ಎಂಬಂತೆ ಕೇಳಿಸಿತು.

"ಒಂದಷ್ಟು ತಿಂಗಳು ಮನೆಯಿಂದ ಹೊರಗೆ ಇರಲಿ. ಬಚ್ಚಿಡೋದು ಬೇಡ, ಹೊರಗೇ ಕಳಿಸಿ. ಔಷಧಿ ಕೆಲಸ ಶುರು ಮಾಡೋಕೆ ಟೈಮ್ ಬೇಕು. ಆ ಟೈಮ್ ನಮಗೆ ಸಿಗಬೇಕು ಅಷ್ಟೇ."

ಸಿಟ್ಟು ಬಂತು. ನನ್ನ ತಮ್ಮ. ಅವನಿಗೆ ಅಕ್ಷರ ತಿದ್ದಿಸಿದವನು ನಾನು. ಅವನು ಅಂಥವನಲ್ಲ ಎಂದೆ. "ಅಂಥವರು ಅಂತ ಯಾರೂ ಇರಲ್ಲ ಸರ್," ಅಂದಳು.  

16 ಆಗಸ್ಟ್, ಶನಿವಾರ. ಮಧ್ಯಾಹ್ನ 12

ಪೊಲೀಸ್ ಸ್ಟೇಷನ್ನಿಗೆ ಹೋಗಿದ್ದೆ. ಕೋವಿ ಒಯ್ದಿರಲಿಲ್ಲ. ಸುಮ್ಮನೆ ವಿಚಾರಿಸಲು.

ಹೆಡ್ ಕಾನ್‌ಸ್ಟೇಬಲ್ ಜಟ್ಟಪ್ಪ. ಕರಾವಳಿ ಕಡೆಯವನು. ಪ್ರತಿ ಚುನಾವಣೆಗೆ ನಾವೆಲ್ಲ ಸ್ಟೇಷನ್ನಿಗೆ ಒಪ್ಪಿಸಬೇಕಾದ ಕೋವಿಗಳನ್ನು ಬರೆದುಕೊಳ್ಳುವವನು. ನನ್ನನ್ನು ಕಂಡದ್ದೇ ಎದ್ದುನಿಂತ.

"ಓ! ಎಂತ ಸಾರ್, ಈಗ ಯಾವ ಎಲೆಕ್ಷನ್ನೂ ಇಲ್ವಲ್ಲ?"

ಸ್ವಂತ ಇಚ್ಛೆಯಿಂದ ಕೋವಿ ಠೇವಣಿ ಇಡಲು ಬರುತ್ತದೆಯೇ ಎಂದೆ.

"ಬರ್ತದೆ ಬರ್ತದೆ. ಒಂದು ಅರ್ಜಿ ಕೊಟ್ರೆ ಆಯ್ತು. ಯಾರ್ದು?"

"ನನ್ನದೇ."

ಜಟ್ಟಪ್ಪ ಒಳಬಾಗಿಲ ಕಡೆ ತಿರುಗಿದ. ಆಮೇಲೆ ಒಳಗಿದ್ದವರನ್ನು ಕೂಗಿದ. "ಏ, ಬನ್ರೋ ಇಲ್ಲಿ! ಪೇಪರಿಗೆ ಬರ್ದಿದ್ರಲ್ಲ, 'ನನ್ನ ತಂದೆಯ ಮನೆಯ ಗೂಟಕ್ಕಿಂತ ಭದ್ರವಾದ ಸ್ಟೇಷನ್ನನ್ನು ನಾನು ಈ ರಾಜ್ಯದಲ್ಲಿ ಕಂಡಿಲ್ಲ' ಅಂತ, ಅವ್ರೇ ಇವ್ರು! ಗೂಟ ಕಿತ್ತು ಹೋಯ್ತಾ ಸಾರ್?"

ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ. ಆದರೂ.

ಆ ವಾಕ್ಯ ನನ್ನದೇ. ಬರೆದಾಗ ಚೆನ್ನಾಗಿದೆ ಅನ್ನಿಸಿತ್ತು. ಚುನಾವಣೆಗೆ ಕೋವಿ ಒಪ್ಪಿಸಿಕೊಳ್ಳುವುದರ ವಿರುದ್ಧ ಪತ್ರಿಕೆಗೆ ಹನ್ನೊಂದು ಪತ್ರ ಬರೆದಿದ್ದೇನೆ, ಅಪ್ಪ ಸತ್ತು ಲೈಸೆನ್ಸ್ ನನ್ನ ಹೆಸರಿಗೆ ಬಂದಾಗಿನಿಂದ. ಮರೆಯುವವನಲ್ಲ ನಾನು. ಎಪ್ಪತ್ತೇಳರ ಚುನಾವಣೆಯಲ್ಲಿ ಅಪ್ಪ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ಬನವಾಸಿ ಬಸ್ಸಿನಲ್ಲಿ ಒಯ್ದು ಒಪ್ಪಿಸಿದ್ದು, ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಕೇಳಿದ್ದು, ನಾಲ್ಕು ತಿಂಗಳಾದ ಮೇಲೆ ನಳಿಗೆಯಲ್ಲಿ ತುಕ್ಕು ಹಿಡಿದು ವಾಪಸು ಬಂದದ್ದು. ಆ ತುಕ್ಕನ್ನು ಅಪ್ಪ ಎಂಟು ದಿನ ತಿಕ್ಕಿದ. ಒಂದು ಮಾತಾಡಲಿಲ್ಲ. ಅವನು ಆಡದ ಮಾತನ್ನೆಲ್ಲ ನಾನು ಆಡಿದೆ, ಹನ್ನೊಂದು ಸಲ, ಹೆಸರು ವಿಳಾಸದೊಂದಿಗೆ.

"ವಿಚಾರಿಸಿ ಬರುತ್ತೇನೆ," ಎಂದು ಎದ್ದುಬಂದೆ. ನನ್ನ ಮನೆಯನ್ನು ನಾನೇ ಭದ್ರ ಮಾಡಿಕೊಳ್ಳುತ್ತೇನೆ.

24 ಆಗಸ್ಟ್, ಭಾನುವಾರ

ಪಕ್ಕದ ಮನೆಯ ಸುಭಾನ್‌ಗೆ ಹೇಳಿದ್ದೆ. ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡುವವನು. ವಿಷಯ ಪೂರ್ತಿ ಹೇಳಿದ್ದು ಅವನೊಬ್ಬನಿಗೆ. ಇವತ್ತು ತಂದ. ಉಕ್ಕಿನ ಉದ್ದ ಪೆಟ್ಟಿಗೆ, ಒಳಗೆ ಕಂಬಳಿಯ ಹಾಸು, ಎರಡು ಬೀಗ. ಕಾರ್ಟ್ರಿಜ್‌ಗೆ ಬೇರೆ ಸಣ್ಣದೊಂದು.

"ಅರೆ ಸರ್, ಇದು ಪೆಟ್ಟಿಗೆ ಅಲ್ಲ, ತಿಜೋರಿ. ನೀವೇ ಕೀಲಿ ಕಳ್ಕೊಂಡ್ರೆ ನನ್ನ ಹತ್ರ ಬರಬೇಡಿ, ನನ್ ಕೈಲೂ ಒಡೆಯೋಕಾಗಲ್ಲ."

ಮಂಚದ ಕೆಳಗೆ ಗೋಡೆಗೆ ಬೋಲ್ಟ್ ಹೊಡೆಯಬೇಕು. ಡ್ರಿಲ್ಲಿನ ಸದ್ದಿಗೆ ಮಹಡಿಯಿಂದ ಮಾಲೀಕರು ವೆಂಕಟ್ರಮಣ ಹೆಗಡೆ ಇಳಿದುಬಂದರು.

"ಮಾಸ್ತರ್ರೇ, ಗೋಡೆ ನಂದು ಮಾರಾಯ್ರೆ! ಎಂತ ನಡೀತಾ ಇದ್ದು ಇಲ್ಲಿ?"

ಕೋವಿ ಎಂದರೆ ಮನೆ ಬಿಡಿಸುತ್ತಾರೆ. ಪುಸ್ತಕದ ಪೆಟ್ಟಿಗೆ, ಬೆಲೆಬಾಳುವ ಹಳೆಯ ಪುಸ್ತಕ ಅಂದೆ.

"ಪುಸ್ತಕ ಎಂತ ಓಡಿಹೋಗ್ತಾ, ಬೋಲ್ಟ್ ಹಾಕಲೆ?"

ಸುಭಾನ್ ಕೆಮ್ಮಿದ. ನಾನು ಗೆದ್ದಲಿನ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಹೆಗಡೆಯವರು ಸೋತು ಮೇಲೆ ಹೋದರು.

ರವಿ ಹೊರಕೋಣೆಯ ದಿವಾನದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಡ್ರಿಲ್ ನಿಂತಾಗಲೆಲ್ಲ ಅವನ ಉಸಿರಿಗೆ ಕಿವಿಗೊಡುತ್ತಿದ್ದೆ. ನಿದ್ದೆಯ ಉಸಿರಲ್ಲ.

25 ಆಗಸ್ಟ್

ಕೀಲಿ: ಸಕ್ಕರೆ ಡಬ್ಬಿಯ ಹಿಂದೆ.

26 ಆಗಸ್ಟ್

ಬೇಡ. ಕೀಲಿ: ನನ್ನ ಬನಿಯನ್ನಿನ ಒಳಜೇಬು. ದಾಕ್ಷಾಯಿಣಿ ಹೊಲಿದುಕೊಟ್ಟಳು.

11 ಸೆಪ್ಟೆಂಬರ್, ಗುರುವಾರ

ಡಾಕ್ಟರ್ ಮತ್ತೆ ಕೇಳಿದಳು. "ಕಳಿಸಿದ್ರಾ?"

ಪೆಟ್ಟಿಗೆಯ ವಿವರ ಹೇಳಿದೆ. ಬೋಲ್ಟ್, ಎರಡು ಬೀಗ, ಕಾರ್ಟ್ರಿಜ್ ಬೇರೆ, ಕೀಲಿ ಮೈಮೇಲೆ. ಪಾಠ ಒಪ್ಪಿಸಿದ ಹಾಗೆ.

"ಒಳ್ಳೇದೇ. ಹೊರಗೆ ಇದ್ರೆ ಇನ್ನೂ ಒಳ್ಳೇದು."

ಇವರಿಗೆ ಎಷ್ಟು ಮಾಡಿದರೂ ಸಾಲದು. ಪ್ರತಿಷ್ಠೆಯ ಪ್ರಶ್ನೆಯಲ್ಲ ಇದು. ಒಬ್ಬ ನಾಗರಿಕ ತನ್ನ ಮನೆಯನ್ನು ತಾನೇ... ಸರಿ, ಸ್ವಲ್ಪ ಪ್ರತಿಷ್ಠೆಯೂ ಇದೆ.

ರವಿ ಇವತ್ತು ಎರಡು ರೊಟ್ಟಿ ತಿಂದ. ಸ್ನಾನ ತಾನೇ ಮಾಡಿದ.

ಕೀಲಿ ಈಗ ಬನಿಯನ್ನಿನಲ್ಲಿಲ್ಲ. ಒಗೆಯಲು ಹಾಕಿ ಎರಡು ಸಲ ಬಕೆಟ್ಟಿನಲ್ಲಿ ಸಿಕ್ಕಿತು. ಗಡಿಯಾರದ ಬೆನ್ನಿಗೆ ಅಂಟಿಸಿದ್ದೇನೆ.

28 ಸೆಪ್ಟೆಂಬರ್, ಭಾನುವಾರ. ಬೆಳಿಗ್ಗೆ 9

ಮಾತಾಡಿದ!

ತಿಂಡಿಗೆ ಕೂತಿದ್ದೆವು. ದಾಕ್ಷಾಯಿಣಿ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದಳು, ಬುಧವಾರದ ಖಂಡೇಪೂಜೆಗೆ. ಮನೆಯ ಕತ್ತಿ, ಕೊಡಲಿ, ಯಂತ್ರ, ಕೀಲಿ ಎಲ್ಲಕ್ಕೂ ಅವತ್ತು ಪೂಜೆ. ರವಿ ತಟ್ಟೆ ನೋಡುತ್ತಲೇ ಅಂದ:

"ಅಣ್ಣಾ, ಈ ವರ್ಷ ಕೋವಿಗೆ ಪೂಜಿ ಇಲ್ಲೇನು?"

ನಾಲ್ಕು ತಿಂಗಳಲ್ಲಿ ಪೂರ್ತಿಯಾಗಿ ಆಡಿದ ಮೊದಲ ವಾಕ್ಯ. ದಾಕ್ಷಾಯಿಣಿಯ ಕಣ್ಣು ತುಂಬಿತು. "ಇಲ್ದ ಏನ್ ಮೈದುನಾ, ಮಾಡೂಣು! ಮಾವನವರು ಇದ್ದಾಗಿಂದ ಒಂದು ವರ್ಷ ತಪ್ಪಿಲ್ಲ," ಅಂದುಬಿಟ್ಟಳು.

ಮಾಡೋಣ ಎಂದೆ ನಾನೂ. ಮಾತಾಡಿದ್ದಾನೆ, ಅದಕ್ಕೆ ಇಲ್ಲ ಅನ್ನಲೇ? ಖಾಲಿ ಕೋವಿ. ನಾವೆಲ್ಲ ಎದುರಿಗೇ ಇರುತ್ತೇವೆ. ಅಪ್ಪನ ಕಾಲದ ಪದ್ಧತಿ. ಇಷ್ಟಕ್ಕೂ ಅವನು ಸುಧಾರಿಸುತ್ತಿದ್ದಾನೆ.

1 ಅಕ್ಟೋಬರ್, ಬುಧವಾರ. ಬೆಳಿಗ್ಗೆ 11

ಪೂಜೆ ಆಯಿತು. ಹೊರಕೋಣೆಯಲ್ಲಿ ಕಪಾಟಿನ ಕೆಳಗೆ ಮಣೆ. ಹೊಲಿಗೆ ಮಷಿನ್, ಈಳಿಗೆ, ಕತ್ತರಿ, ನನ್ನ ಪೆನ್ನು, ಕೋವಿ.

ತುಂಡುಗಳನ್ನೇ ಇಡೋಣ ಎಂದಿದ್ದೆ. ದಾಕ್ಷಾಯಿಣಿ ಒಪ್ಪಲಿಲ್ಲ. "ಮುರಿದು ಇಟ್ಟ ಆಯುಧಕ್ಕ ಪೂಜಿ ಮಾಡ್ತಾರೇನ್ರಿ?" ಜೋಡಿಸಿದೆ. ಅಪ್ಪ ಇಡುತ್ತಿದ್ದ ಹಾಗೆ ಐದು ಕಾರ್ಟ್ರಿಜ್ ಸಾಲಾಗಿ, ಒಂದೊಂದರ ಮೇಲೆ ಒಂದೊಂದು ಚೆಂಡುಹೂವು. ತಟ್ಟೆಯಲ್ಲಿ ಮನೆಯ ಕೀಲಿಗಳೆಲ್ಲ. ಗಡಿಯಾರದ ಬೆನ್ನಿನ ಕೀಲಿಯನ್ನೂ ಕಿತ್ತು ನಾನೇ ಇಟ್ಟೆ. ಮನೆಯ ಕೀಲಿ ಎಲ್ಲ ಇರಬೇಕಲ್ಲ.

ಇನ್ನು ನಾಳೆ ಬನ್ನಿ ತರುವವರೆಗೆ ಏನನ್ನೂ ಎತ್ತುವಂತಿಲ್ಲ. ಪೂಜೆಗೆ ಕೂತ ಆಯುಧ ಇಡೀ ದಿನ ಕೂತೇ ಇರಬೇಕು.

ಆರತಿ ಹಿಡಿದದ್ದು ರವಿ. 

ಮಧ್ಯಾಹ್ನ 2.05

ನಾಲ್ಕು.

ಹೂವು ಐದಿವೆ. ಒಂದರ ಕೆಳಗೆ ಏನೂ ಇಲ್ಲ.

ಸುಭಾನ್ ಮನೆಗೆ ಹೋಳಿಗೆ ಕೊಡಲು ಹೋಗಿದ್ದೆ. ಐದು ನಿಮಿಷದ ಕೆಲಸ. ಅವನು ರಸ್ತೆಯ ಗುಂಡಿಯ ಮಾತು ತೆಗೆದ, ನಾನು ಕೂತುಬಿಟ್ಟೆ, ಮುನಸಿಪಾಲ್ಟಿಯ ಇತಿಹಾಸ ಪೂರ್ತಿ ಹೇಳಿದೆ. ನಲವತ್ತು ನಿಮಿಷ. ದಾಕ್ಷಾಯಿಣಿ ಮಹಡಿಯ ಮನೆಗೆ ಕುಂಕುಮಕ್ಕೆ ಹೋಗಿದ್ದಾಳೆ. ನಾನು ಇದ್ದೇನೆ ಎಂದು ಅವಳು, ಅವಳು ಇದ್ದಾಳೆ ಎಂದು ನಾನು.

ಮಣೆಯ ಕೆಳಗೆ ನೋಡಿದೆ. ಬಾಳೆ ಎಲೆಯ ಕೆಳಗೆ. ಮಷಿನ್ನಿನ ಡ್ರಾಯರ್. ಕೋವಿ ತೆರೆದು ನೋಡಿದೆ. ಖಾಲಿ. ಮತ್ತೆ ನೋಡಿದೆ. ಖಾಲಿ.

ರವಿ ಮುಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಾನೆ. ನನಗೆ ಬೆನ್ನು. ಬಿಳಿ ಅಂಗಿ.

ಹೊತ್ತುಗೊತ್ತಿಲ್ಲದೆ ಬರೆಯುವವನು ನಾನು. ಬರೆಯುತ್ತಿದ್ದರೆ ಅವನಿಗೆ ಏನೂ ಅನ್ನಿಸುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೆಲದ ಮೇಲೆ ಕೂತಿದ್ದೇನೆ, ಕೋವಿ ನನ್ನ ತೊಡೆಗೆ ತಾಗುತ್ತಿದೆ. ಅವನು ಒಳಗೆ ಬಂದರೆ ನನ್ನನ್ನು ದಾಟಿಯೇ ಬರಬೇಕು. ಕೂಗಲೇ? ಸುಭಾನ್‌ನನ್ನು ಕರೆಯಲೇ? ಸದ್ದಾದರೆ... ಅಂಗಿಯ ಎಡಭುಜ ಸ್ವಲ್ಪ ಮುಂದಕ್ಕೆ ಜಗ್ಗಿದೆ, ಜೇಬಿನಲ್ಲಿ ಭಾರವಿದ್ದಂತೆ. ಅಥವಾ ಹಾಗೆ ಕಾಣುತ್ತಿದೆ.

ಕರೆಯುತ್ತೇನೆ. ಹೆಸರು ಹಿಡಿದು. ಮೆತ್ತಗೆ.

ಸಂಜೆ 6.30

 ಆದದ್ದನ್ನು ಆದ ಹಾಗೇ ಬರೆಯಬೇಕು.

"ರವಿ."

"ಹ್ಞಾ."

"ಇಲ್ಲಿ ಐದಿದ್ದುವು."

ಅವನು ತಿರುಗಲಿಲ್ಲ. "ಎಣಿಸಿದೇನು?"

"ಎಣಿಸಿದೆ."

"ಯಾವಾಗ ಎಣಿಸ್ತಿ ಅಂತ ಕುಂತೀನಿ ಇಲ್ಲಿ."

ಎದ್ದು ಬಂದ. ನಾನೂ ಎದ್ದೆ. ಜೇಬಿನಿಂದ ತೆಗೆದು ನನ್ನ ಅಂಗೈಯಲ್ಲಿಟ್ಟ. ಬೆಚ್ಚಗಿತ್ತು. ಅವನ ಎದೆಯ ಬಿಸಿ.

"ತಗೋಬೇಕಂತ ತಗೊಂಡಿಲ್ಲಣ್ಣಾ. ಹೂವು ಜಾರಿತ್ತು, ನೆಟ್ಟಗ ಇಡಾಕ ಹೋದೆ. ಕೈಯಾಗ ಬಂತು. ತಿರುಗಿ ಇಡಾಕ ಆಗವಲ್ದು."

ಗೋಡೆಗೆ ಒರಗಿ ಕುಸಿದು ಕೂತ. ನಾನೂ ಪಕ್ಕದಲ್ಲಿ ಕೂತೆ.

"ಪೆಟಿಗಿ ಎಲ್ಲೈತಿ ನನಗ ಗೊತ್ತು. ಕೀಲಿ ಸಕ್ರಿ ಡಬ್ಬಿ ಹಿಂದ ಇತ್ತು. ಆಮ್ಯಾಲೆ ನಿನ್ನ ಬನೇನಿನಾಗ. ಆಮ್ಯಾಲೆ ಗಡಿಯಾರಕ್ಕ. ನೀ ಜಾಗಾ ಬದಲಿಸಿದಾಗೊಮ್ಮೆ ನಂದೂ ನಿದ್ದಿ ಹೋಗ್ತದ. ನೀ ಬಚ್ಚಿಡತಿ, ನಾ ಹುಡುಕ್ತೀನಿ. ಬ್ಯಾಡಂದ್ರೂ ತಲಿ ಹುಡುಕ್ತದ. ಪೂಜಿಗಿ ಇಡು ಅಂದೆ... ಕಣ್ಣ ಮುಂದ ಬಂದ್ರ ಹುಡುಕೂದರ ತಪ್ತದ ಅಂತ."

ಇನ್ನೊಂದು ಕೈಯನ್ನು ಅವನ ಹೆಗಲ ಮೇಲಿಟ್ಟೆ. 

"ಎಲ್ಲೆರ ಕಳಸು ಅದನ್ನ. ನಾ ಇಲ್ಲೇ ಇರ್ತೀನಿ. ಅದನ್ನ ಕಳಸು."

ಅಷ್ಟು ಹೊತ್ತಿಗೆ ದಾಕ್ಷಾಯಿಣಿ ಬಂದಳು. ನಾನು ಕೋವಿ ಎತ್ತಿದ್ದೆ. "ಅಯ್ಯ, ಬನ್ನಿ ಬರೂತನಕ ಎತ್ತಬಾರದ್ರಿ!" ಅಂದವಳು ನನ್ನ ಅಂಗೈ ನೋಡಿದಳು, ರವಿಯ ಮುಖ ನೋಡಿದಳು. ಆಮೇಲೆ ದೀಪವನ್ನು ಒಂದು ಪಕ್ಕಕ್ಕೆ ಸರಿಸಿದಳು.

"ಹೋಗ್ರಿ. ದೀಪ ನಾ ನೋಡ್ಕೋತೀನಿ. ಮೈದುನಾ, ಬಾ ಇಲ್ಲಿ, ಈ ಹೂವು ಕಟ್ಟಾಕ ದಾರ ಹಿಡಿ."

ಸುಭಾನ್‌ನ ಹೆಂಡತಿ ಶಾಕಿರಾ ಬಂದು ಅವರ ಜೊತೆ ಕೂತಳು. ಸುಭಾನ್ ಟೆಂಪೋ ತೆಗೆದ. ಬಿಚ್ಚಿದ ಕೋವಿಯನ್ನು ದಾಕ್ಷಾಯಿಣಿಯ ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ದಾರಿಯುದ್ದಕ್ಕೂ ಅವನು ಒಂದು ಮಾತಾಡಲಿಲ್ಲ. ಸುಭಾನ್! ಸ್ಟೇಷನ್ನಿನ ಎದುರು ಮಾತ್ರ, "ಸರ್, ನನ್ನ ಪೆಟ್ಟಿಗೆ ಚಲೋನೇ ಇತ್ತು," ಅಂದ. ಇತ್ತು ಎಂದೆ.

ಸ್ಟೇಷನ್ನಿನಲ್ಲೂ ಪೂಜೆ. ಅದು ನೆನಪೇ ಇರಲಿಲ್ಲ. ಜೀಪಿಗೆ ಬಾಳೆಕಂಬ, ಅಂಗಳದಲ್ಲಿ ಒಡೆದ ಕುಂಬಳಕಾಯಿ. ಒಳಗೆ ಬೆಂಚಿನ ಮೇಲೆ ರೈಫಲ್ಲುಗಳು ಸಾಲಾಗಿ, ಕುಂಕುಮ ಹಚ್ಚಿಸಿಕೊಂಡು. ಅವುಗಳಿಗೆ ಸರಪಳಿ ಹಾಕಿ, ಪಕ್ಕದಲ್ಲೇ ಪಹರೆಯವನೊಬ್ಬ ನಿಂತಿದ್ದ. ನನ್ನ ಮನೆಯ ಮಣೆಯ ಪಕ್ಕದಲ್ಲಿ ಯಾರಿದ್ದರು?

ಜಟ್ಟಪ್ಪ ಪಂಚೆ ಉಟ್ಟು ಮಂಡಕ್ಕಿ ಹಂಚುತ್ತಿದ್ದ. "ಬನ್ನಿ ಬನ್ನಿ ಸಾರ್, ಪ್ರಸಾದ. ಇವತ್ತು ಎಂತ ಕೆಲ್ಸ ಹೇಳ್ಬೇಡಿ, ನಮ್ಮ ಕೋವಿಗಳೇ ರಜೆ ಮೇಲೆ..."

ಸೀರೆ ಬಿಚ್ಚಿದೆ. ಕೋವಿಯ ಮೇಲಿನ ಕುಂಕುಮ ಇನ್ನೂ ಹಸಿ ಇತ್ತು. ಅವನು ಅದನ್ನು ನೋಡಿದ. ಪೂಜೆಯಿಂದ ಎತ್ತಿಕೊಂಡು ಬಂದದ್ದು ಅವನಿಗೆ ಗೊತ್ತಾಯಿತು. ಮಂಡಕ್ಕಿ ತಟ್ಟೆ ಕೆಳಗಿಟ್ಟ. ಗೂಟದ ಮಾತು ತೆಗೆಯಲಿಲ್ಲ. 

"ಮನೇಲಿ ಎಲ್ಲ ಆರಾಮಾ ಸಾರ್?"

"ಆರಾಮಿದ್ದಾರೆ. ಇವತ್ತು ಆರಾಮಿದ್ದಾರೆ."

"ಕೊಡಿ."

ನಂಬರ್ ನೋಡಿ, ಜೋಡಿಸಿ, ಖಾಲಿ ಎಂದು ಎರಡು ಸಲ ಪರೀಕ್ಷಿಸಿ, ರೈಫಲ್ಲುಗಳ ಸಾಲಿನ ಕೊನೆಗೆ ಇಟ್ಟು ಅದಕ್ಕೂ ಸರಪಳಿ ತೊಡಿಸಿದ. ಒಂದು ಹೂವು ಕೂಡ ಇಟ್ಟ. ಐದು ಕಾರ್ಟ್ರಿಜ್ ಬೇರೆ ಚೀಲಕ್ಕೆ, ಬೀಗದೊಳಗೆ. "ನಾಳೆ ಬೆಳಿಗ್ಗೆ ಒಳಗಿನ ರೂಮಿಗೆ ಹೋಗ್ತದೆ. ಎಣ್ಣೆ ನಾನೇ ಹಾಕ್ತೆ, ತುಕ್ಕು ಹಿಡಿಯೂದಿಲ್ಲ," ಅಂದ. ಎಪ್ಪತ್ತೇಳರ ತುಕ್ಕು ನನ್ನ ಯಾವ ಪತ್ರದಲ್ಲಿತ್ತೋ, ಇವನು ಅದನ್ನೂ ಓದಿದ್ದಾನೆ.

ಅರ್ಜಿಯಲ್ಲಿ ಒಂದು ಸಾಲು: ಠೇವಣಿ ಇಡಲು ಕಾರಣ.

ಪೆನ್ನು ಹಿಡಿದು ಕೂತೆ. ಹನ್ನೊಂದು ಪತ್ರ ಬರೆದ ಕೈ. ಜಟ್ಟಪ್ಪ ಬೇರೆ ಕಡೆ ನೋಡುತ್ತ, "ಚುನಾವಣೆ ಅಂತ ಬರೀರಿ ಸಾರ್, ಎಲ್ಲಾದ್ರೂ ಒಂದು ಇದ್ದೇ ಇರ್ತದೆ," ಅಂದ.

"ಮನೆಯಲ್ಲಿ ಜಾಗ ಇಲ್ಲ" ಎಂದು ಬರೆದೆ. ಸಹಿ ಹಾಕಿದೆ. ಸುಳ್ಳಲ್ಲ ಅದು.

2 ಅಕ್ಟೋಬರ್, ಗುರುವಾರ. ಸಂಜೆ 5

ಇವತ್ತು ರಜೆ, ಡಾಕ್ಟರು ಬರುವ ದಿನವಾದರೂ ಬಂದಿಲ್ಲ. ಫೋನಿನಲ್ಲಿ ಎಲ್ಲ ಹೇಳಿದೆ, ನಲವತ್ತು ನಿಮಿಷವನ್ನೂ ಸೇರಿಸಿ. ಬಯ್ಯುತ್ತಾಳೆ ಅಂದುಕೊಂಡಿದ್ದೆ. "ಅವರೇ ಕೊಟ್ರಲ್ಲ ಸರ್," ಅಂದಳು. ಆಮೇಲೆ ರವಿಯ ಜೊತೆ ಮಾತಾಡಿದಳು, ಕಾಲು ಗಂಟೆ. ನಾಳೆಯೇ ಬೇರೆ ಊರಿನ ಕ್ಲಿನಿಕ್ಕಿಗೆ ಕರೆತರಲು ಹೇಳಿದ್ದಾಳೆ. ಸುಭಾನ್‌ನ ಟೆಂಪೋ.

ಮಂಚದ ಕೆಳಗಿನ ಪೆಟ್ಟಿಗೆ ಖಾಲಿ. ಬೀಗ ತೆರೆದೇ ಇಟ್ಟಿದ್ದೇನೆ. ದಾಕ್ಷಾಯಿಣಿ ಅದರಲ್ಲಿ ಹಪ್ಪಳ ತುಂಬಿದ್ದಾಳೆ. "ಇಲಿ ಏನು, ಆನಿ ಬಂದ್ರೂ ಮುಟ್ಟಾಂಗಿಲ್ಲ." ಬೆಳಿಗ್ಗೆ ಇನ್ನೊಂದು ಕೆಲಸ ಮಾಡಿದೆ. ಹೊರಕೋಣೆಯ ಕಪಾಟಿನಿಂದ ಎರಡು ಸಾಲು ಪುಸ್ತಕ ಇಳಿಸಿ ಕಟ್ಟಿಟ್ಟೆ, ಲೈಬ್ರರಿಗೆ ಕೊಡಲು. ಆ ಜಾಗದಲ್ಲಿ ರವಿಯ ಬಟ್ಟೆ. ಎರಡು ತಿಂಗಳಿಂದ ಅವನ ಬಟ್ಟೆ ಚೀಲದಲ್ಲೇ ಇತ್ತು. ಕೋವಿಗೆ ಇಷ್ಟು ಜಾಗ ಹುಡುಕಿದವನಿಗೆ ಅದು ಕಂಡಿರಲಿಲ್ಲ.

ಪತ್ರಿಕೆಗೆ ಹನ್ನೆರಡನೆಯ ಪತ್ರ ಶುರು ಮಾಡಿದೆ. "ಮಾನ್ಯ ಸಂಪಾದಕರೇ, ನಾನು ಹಿಂದೆ ಬರೆದ ಒಂದು ವಾಕ್ಯವನ್ನು..." ಅಲ್ಲಿಗೆ ನಿಂತಿದೆ. ಮುಗಿಸಬೇಕು.

ಈಗ ರವಿ ಬನ್ನಿ ತಂದ. ಕಾಲು ಮುಟ್ಟಿ, ಅಂಗೈಯಲ್ಲಿ ನಾಲ್ಕು ಎಲೆ ಇಟ್ಟ. ನಿನ್ನೆ ಕಾರ್ಟ್ರಿಜ್ ಇಟ್ಟ ಅದೇ ಅಂಗೈ. "ಬಂಗಾರದಂಗ ಇರೂಣು ಅಣ್ಣಾ," ಅಂದ.  ಜ್ಯೋತಿಯ ಹೆಸರು ತೆಗೆದ. "ನಾಕು ದಿನ ತಡ ಮಾಡಿದೆ," ಅಂದ, ಮೊದಲ ಸಲ, ನನ್ನ ಎದುರಿಗೆ. ನಾನು ಸಮಾಧಾನ ಹೇಳಲಿಲ್ಲ. ಕೇಳಿದೆ. ಕಿವಿ ತುಂಬ ಕೇಳಿದೆ.

ಇಲ್ಲೇ ಕೂತಿದ್ದಾನೆ, ನಾನು ಬರೆಯುವುದನ್ನು ನೋಡುತ್ತ. "ದಿನಾ ಏನ್ ಬರಿತಿ ಅದರಾಗ? ನಂದೂ ಐತೇನು?" ಎಂದು ಕೇಳುತ್ತಿದ್ದಾನೆ. ಐತಿ ಅಂದೆ. ಓದು ಅಂತಾನೆ. ಯಾರಿಗೂ ಓದಿ ಹೇಳಿಲ್ಲ ಇದನ್ನು, ದಾಕ್ಷಾಯಿಣಿಗೂ. ಓದುತ್ತೇನೆ. ಮೊದಲಿನಿಂದಲೇ, ಜಾಗ ಬದಲಿಸಿದ್ದರಿಂದ ಶುರು ಮಾಡಿ. ಕನ್ನಡಕ ಎಲ್ಲಿಟ್ಟೆ, ಇಲ್ಲೇ ಕಟ್ಟಿಟ್ಟ ಪುಸ್ತಕದ ಮೇಲಿದೆ.